ದಳವಾಯಿಗಳ ಕಾಲ ಕೊಳೆತಿತ್ತೇ? ಒಂದು ವಾದದ ಇನ್ನೂರು ವರ್ಷ

ದೇವನಹಳ್ಳಿಯಲ್ಲೇ ಮೈಸೂರಿನ ಚರಿತ್ರೆಯ ಒಂದು ತಿರುವು ಶುರುವಾಯಿತು. 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ ಅಲ್ಲಿನ ಪಾಳೆಯಗಾರರ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ಗೆದ್ದ. ಆ ಮುತ್ತಿಗೆಯಲ್ಲಿ ಅವನ ಕಣ್ಣಿಗೆ ಬಿದ್ದ ಹೈದರ್ ಅಲಿ 1761ರ ಹೊತ್ತಿಗೆ ರಾಜ್ಯವನ್ನೇ ಕೈಗೆ ತೆಗೆದುಕೊಂಡಿದ್ದ. ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ. ಒಡೆಯರು ಹೆಸರಿಗಷ್ಟೇ ದೊರೆಗಳಾಗಿ, ಅಧಿಕಾರ ಸೇನಾಪತಿಗಳಾದ ದಳವಾಯಿಗಳ ಕೈಸೇರಿ, ಆಸ್ಥಾನ ಸಡಿಲವಾಗಿ, ಸಮಾಜ ಸೊರಗಿದ್ದರಿಂದಲೇ ರಾಜಿಯಿಲ್ಲದ ಕಟು ಆಳ್ವಿಕೆ ತಲೆಯೆತ್ತಿತೇ ಎಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೆ ಉತ್ತರಗಳು ಬದಲಾಗುತ್ತಲೇ ಇವೆ.

ಅವನತಿಯ ಈ ವಾದದ ಮೂಲ ನಮ್ಮದಲ್ಲ. ಸುಖಕ್ಕೆ ಮೈಯೊಡ್ಡಿದ ವಂಶವನ್ನು ಹೊರಗಿನ ಗಟ್ಟಿಗರು ಕಿತ್ತೊಗೆಯುತ್ತಾರೆ ಎಂದು ಇಬ್ನ್ ಖಲ್ದೂನ್ 1377ರಲ್ಲೇ ಬರೆದಿದ್ದ. ಗಿಬ್ಬನ್ 1776ರಿಂದ ರೋಮಿನ ಅವನತಿಯ ಕಥೆ ಹೇಳಿದ. ವಿಜಯನಗರಕ್ಕೂ ವೈಭವವೇ ಮುಳುವಾಯಿತು ಎಂಬ ಮಾತು ನಮ್ಮ ಶಾಲೆಗಳಲ್ಲಿ ಇನ್ನೂ ಓಡುತ್ತಿದೆ.

ಮೈಸೂರಿಗೆ ಈ ಅಂಗಿ ತೊಡಿಸಿದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದವನು. 1810ರಿಂದ 1817ರೊಳಗೆ ಚರಿತ್ರೆಯ ಮೂರು ಸಂಪುಟ ಹೊರತಂದ. ನಿಸ್ಸತ್ವ ದೊರೆ, ದುರಾಸೆಯ ದಳವಾಯಿ, ಅಪಹಾರಿ ಹೈದರ್, ಮತಾಂಧ ಟಿಪ್ಪು, ಕೊನೆಗೆ ಉದ್ಧಾರಕ ಕಂಪನಿ: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಥೆ. 1811ರಲ್ಲಿ ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಪತ್ರಗಳನ್ನು ಆಯ್ದು ಅಚ್ಚು ಹಾಕಿದ್ದೂ ಇದೇ ಧಾಟಿಯಲ್ಲಿ. ಹಿಂದಿನದೆಲ್ಲ ಕೊಳೆತಿತ್ತು ಎಂದರೆ ತಾನೇ ಟಿಪ್ಪುವಿನ ಮೇಲಿನ 1799ರ ಗೆಲುವಿಗೆ ನ್ಯಾಯದ ಬಣ್ಣ ಬರುವುದು!

ಆದರೆ ವಿಲ್ಕ್ಸ್‌ನಲ್ಲೇ ಇರುವ ವಿವರಗಳು ಅವನ ತೀರ್ಪಿಗೆ ಒಗ್ಗುವುದಿಲ್ಲ. ನಂಜರಾಜಯ್ಯ ಭೋಗದಲ್ಲಿ ಮುಳುಗಿ ಕೆಟ್ಟವನಲ್ಲ. ಕನ್ನಡದಲ್ಲಿ ಗ್ರಂಥ ರಚಿಸಿದವನು, ಕವಿಗಳಿಗೆ ಆಶ್ರಯ ಕೊಟ್ಟವನು. ಅವನು ಕೆಟ್ಟದ್ದು ತಿರುಚಿನಾಪಳ್ಳಿಯ ಆಸೆಯಿಂದ. ಆ ಕೋಟೆ ಕೊಡುತ್ತೇನೆಂದ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಾತು ನಂಬಿ 1752ರಿಂದ ಮೂರು ವರ್ಷ ದಂಡು ಕಾದು ಕೂತಿತು. ಕೋಟೆ ಸಿಗಲಿಲ್ಲ, ಬೊಕ್ಕಸ ಬರಿದಾಯಿತು. 1755ರಲ್ಲಿ ನಿಜಾಮ ಸಲಾಬತ್ ಜಂಗ್ ಫ್ರೆಂಚರ ಬುಸ್ಸಿಯೊಂದಿಗೆ ಬಂದು ಕಪ್ಪ ಕೇಳಿದ, 1757ರಲ್ಲಿ ಪೇಶ್ವೆ ಬಂದ. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲೇ ಧರಣಿ ಕೂತರು. ಬಾಕಿ ತೀರಿಸಲು ಮುಂದೆ ಬಂದವನು ಹೈದರ್. ರಾಜ್ಯ ಕೈಬದಲಾದದ್ದು ಈ ಲೆಕ್ಕಪತ್ರದಲ್ಲಿ.

ಇಪ್ಪತ್ತನೇ ಶತಮಾನದ ಭಾರತೀಯ ವಿದ್ವಾಂಸರು ಕಥೆಯನ್ನು ತಿರುವಿ ಹಾಕಿದರು. ಹಯವದನರಾಯರ ಮೈಸೂರು ಚರಿತ್ರೆ (1943–46) ಒಡೆಯರ ದೃಷ್ಟಿಯಿಂದಲೇ ಬರೆದದ್ದು. 1951ರಲ್ಲಿ ಮೊಹಿಬ್ಬುಲ್ ಹಸನ್ ಟಿಪ್ಪುವನ್ನು ಸುಧಾರಕನಾಗಿ ನಿಲ್ಲಿಸಿದರು. ನಿಜವಾದ ಪಲ್ಲಟ 1985ರದು: ಯುದ್ಧದ ಖರ್ಚಿಗಾಗಿ ಪಾಳೆಯಗಾರರನ್ನು ಬದಿಗೊತ್ತಿ ನೇರವಾಗಿ ಕಂದಾಯ ಎತ್ತಿದ ರಾಜ್ಯ ಇದು ಎಂದು ಅಮೆರಿಕದ ಇತಿಹಾಸಕಾರ ಬರ್ಟನ್ ಸ್ಟೈನ್ ವಾದಿಸಿದರು. ಅಲ್ಲಿ ಅವನತಿಯ ಮಾತಿಲ್ಲ. ಬಿಗಿ ಆಡಳಿತವೆನ್ನುವುದು ಫಿರಂಗಿ ಕಾಲದ ಅನಿವಾರ್ಯತೆ. ನನಗೆ ಇದು ವಿಲ್ಕ್ಸ್‌ನ ಕಥೆಗಿಂತ ಹೆಚ್ಚು ಒಪ್ಪಿಗೆ.

ಹಾಗೆಂದು ಹಣಕಾಸು ಎಲ್ಲವನ್ನೂ ಹೇಳುತ್ತದೆಯೇ? ಜರ್ಮನಿಯ ಬಗ್ಗೆ ಇತಿಹಾಸಕಾರ ಫ್ರಿಟ್ಜ್ ಸ್ಟರ್ನ್ 1961ರಲ್ಲಿ ತೋರಿಸಿದ್ದು ಬೇರೆ ದಾರಿ: ಸಮಾಜ ಕೆಟ್ಟಿದೆಯೋ ಇಲ್ಲವೋ, ಕೆಟ್ಟಿತು ಎಂದು ದಶಕಗಟ್ಟಲೆ ಹಲುಬಿದವರು ನಾಜಿಗಳಿಗೆ ಹಾದಿ ಹಸನು ಮಾಡಿದರು. ಟಿಪ್ಪುವಿನಲ್ಲೂ ಇಂಥದೊಂದು ಎಳೆ ಕಾಣುತ್ತದೆ. ಪ್ರಜೆಗಳ ನಡತೆ ತಿದ್ದಬೇಕೆಂಬ ಹಟ ಅವನಿಗಿತ್ತು. ಕಂದಾಯ ಹೋದರೂ ಸರಿ, ಹೆಂಡ ನಿಲ್ಲಬೇಕೆಂದ. ರಾಜವಂಶದ ಹಿನ್ನೆಲೆಯಿಲ್ಲದವನು ಅಧಿಕಾರಕ್ಕೆ ಮಾನ್ಯತೆ ಹುಡುಕಿದ ಬಗೆಯನ್ನು 1997ರಲ್ಲಿ ಇತಿಹಾಸಕಾರ್ತಿ ಕೇಟ್ ಬ್ರಿಟಲ್‌ಬ್ಯಾಂಕ್ ಬಿಡಿಸಿಟ್ಟ ಮೇಲೆ ಆ ಹಟವೂ ಅರ್ಥವಾಗತೊಡಗುತ್ತದೆ.

ಆದರೂ ಒಂದೇ ವಿವರಣೆ ಸಾಲದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನು, ಕೊಡಗಿನ ಬಲವಂತದ ಮತಾಂತರಗಳನ್ನು ಕಂದಾಯದ ಲೆಕ್ಕ ವಿವರಿಸದು. 1791ರಲ್ಲಿ ಮರಾಠಾ ದಂಡು ದೋಚಿದ ಶೃಂಗೇರಿ ಮಠಕ್ಕೆ ಅವನೇ ನೆರವಾದದ್ದನ್ನು, ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದ ಆ ಪತ್ರಗಳನ್ನು, ಮತಾಂಧತೆಯ ಕಥೆಯೂ ವಿವರಿಸದು. 2015ರಲ್ಲಿ ಶುರುವಾಗಿ 2019ರಲ್ಲಿ ನಿಂತ ಸರ್ಕಾರಿ ಟಿಪ್ಪು ಜಯಂತಿಯ ಜಗಳದಲ್ಲಿ ಒಂದು ಬಣ ಮೊದಲನೆಯದನ್ನೂ ಇನ್ನೊಂದು ಎರಡನೆಯದನ್ನೂ ಹಿಡಿದುಕೊಂಡಿತು.