ತಾಳೆಗರಿಯ ತಪ್ಪು, ಡಿಸ್ಕಿನ ತಪ್ಪು

2015ರ ಡಿಸೆಂಬರ್ 2ರಂದು ಚೆನ್ನೈನಲ್ಲಿ 'ದಿ ಹಿಂದೂ' ಪತ್ರಿಕೆ ಬರಲಿಲ್ಲ. ಕೆಲಸಗಾರರು ಮರೈಮಲೈ ನಗರದ ಮುದ್ರಣಾಲಯ ತಲುಪಲಾಗಲಿಲ್ಲವಂತೆ. 1878ರಲ್ಲಿ ಆರಂಭವಾದ ಮೇಲೆ ಹಾಗಾದದ್ದು ಅದೇ ಮೊದಲು ಎಂದು ಸುದ್ದಿಯಾಯಿತು. ಹಿಂದಿನ ರಾತ್ರಿಯೇ ಅಡ್ಯಾರ್ ನದಿ ದಡ ಮೀರಿತ್ತು. ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಕಂಪ್ಯೂಟರು, ಅದರೊಳಗಿನ ಹಾರ್ಡ್ ಡಿಸ್ಕು, ಮೇಜಿನ ಕೆಳಖಾನೆಯಲ್ಲಿದ್ದ ಬ್ಯಾಕಪ್ ಡಿಸ್ಕು, ಎಲ್ಲವೂ ಒಟ್ಟಿಗೇ ಮುಳುಗಿದವು.

ನಾನು ತೀರ ಕಂಗೆಡಲಿಲ್ಲ. ಮೈಸೂರಿನ ಅಕ್ಕನ ಮನೆಯ ಬೀರುವಿನಲ್ಲಿ ಇನ್ನೊಂದು ಪ್ರತಿ ಇತ್ತು. ಸಂಕ್ರಾಂತಿಗೆ ಹೋದಾಗ ತೆರೆದು ನೋಡಿದೆ. ಡಿಸ್ಕು ಸರಿಯಾಗಿಯೇ ತಿರುಗುತ್ತಿತ್ತು, ಯಾವ ತಕರಾರೂ ಇಲ್ಲ. ಆದರೆ ಹತ್ತಾರು ಹಳೆಯ ಫೋಟೋಗಳಲ್ಲಿ ಮೇಲರ್ಧ ಮಾತ್ರ ಉಳಿದು, ಕೆಳಗೆ ಬೂದು ಪಟ್ಟಿ. ಅಪ್ಪ ಗಮಕ ಓದಿದ್ದ ಒಂದು ಧ್ವನಿಮುದ್ರಣ ನಾಲ್ಕನೇ ನಿಮಿಷಕ್ಕೆ ಕಿರುಚಿ ನಿಂತುಬಿಡುತ್ತಿತ್ತು. ಇದು ನೆರೆಯ ಕೆಲಸವಲ್ಲ. ಚೆನ್ನೈನ ಡಿಸ್ಕಿನಲ್ಲಿ ಎಂದೋ ಕೆಟ್ಟಿದ್ದ ಫೈಲುಗಳನ್ನು ನಾನೇ ಶ್ರದ್ಧೆಯಿಂದ ನಕಲು ಮಾಡಿ ಅಲ್ಲಿಟ್ಟು ಬಂದಿದ್ದೆ.

ಈ ಪೇಚು ಮದ್ರಾಸಿಗೆ ಹೊಸದಲ್ಲ. ಮೈಸೂರು ಸೀಮೆಯ ಸರ್ವೇ ಮಾಡಿದ ಕಾಲಿನ್ ಮೆಕೆಂಜಿ ಕೈಫಿಯತ್ತು, ಓಲೆ, ಶಾಸನಗಳ ಪ್ರತಿಗಳನ್ನು ಕಂತೆಗಟ್ಟಲೆ ಕೂಡಿಹಾಕಿದ. 1821ರಲ್ಲಿ ಅವನು ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಆ ಸಂಗ್ರಹವನ್ನು ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಅದರ ಒಂದು ಪಾಲು ಮದ್ರಾಸಿಗೆ ಮರಳಿ, ಇಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಬುನಾದಿಯಾಯಿತು. ಅಲ್ಲಿ ಕನ್ನಡದ ಓಲೆಗಳೂ ಇವೆ. ಓಲೆಗೆ ಹುಳುವಿನ ಕಾಟ, ತೇವದ ಕಾಟ; ಆದ್ದರಿಂದ ಕೆಲವು ತಲೆಮಾರಿಗೊಮ್ಮೆ ಪ್ರತಿ ಮಾಡಲೇಬೇಕು. ಲಿಪಿಕಾರ ಒಂದು ಅಕ್ಷರ ತಪ್ಪಿದರೆ ಮುಂದಿನ ಎಲ್ಲ ಪ್ರತಿಗಳಿಗೂ ಆ ತಪ್ಪು ಹರಿಯುತ್ತದೆ. ಗ್ರಂಥಸಂಪಾದಕರು ನಾಲ್ಕಾರು ಪ್ರತಿ ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸುತ್ತಾರೆ. ಎರಡೇ ಪ್ರತಿ ಇದ್ದು ಅವು ಬೇರೆಬೇರೆ ಹೇಳಿದರೆ? ಛಂದಸ್ಸು, ಅರ್ಥ, ಅನುಭವ ಇವುಗಳ ಬಲದಿಂದ ಊಹೆ ಮಾಡಬೇಕು.

ಕಂಪ್ಯೂಟರಿನ ಫೈಲ್ ಸಿಸ್ಟಂ ಬಹುಕಾಲ ಈ ಊಹೆಯನ್ನೂ ಮಾಡುತ್ತಿರಲಿಲ್ಲ. ಡಿಸ್ಕು ಕೊಟ್ಟಿದ್ದೇ ನಿಜ ಎಂದು ನಂಬುತ್ತಿತ್ತು. ಲಿನಕ್ಸಿನ ಜನಪ್ರಿಯ ಈಎಕ್ಸ್‌ಟಿ4 ಇಂದಿಗೂ ನಿಮ್ಮ ಫೋಟೋದ ಒಳಗಿನ ಬಿಟ್‌ಗಳನ್ನು ತಾಳೆ ನೋಡುವುದಿಲ್ಲ. ಎರಡು ಡಿಸ್ಕಿಗೆ ಒಟ್ಟಿಗೆ ಬರೆಯುವ ಸಾಮಾನ್ಯ ಮಿರರ್ ಏರ್ಪಾಡಿನಲ್ಲೂ ಎರಡು ಪ್ರತಿ ಭಿನ್ನವಾದರೆ ಯಾವುದು ಸರಿ ಎಂದು ಹೇಳುವವರಿಲ್ಲ.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಶುರುಮಾಡಿದ ಝಡ್‌ಎಫ್‌ಎಸ್ ಈ ನಂಬಿಕೆಯನ್ನೇ ಬಿಟ್ಟುಕೊಟ್ಟಿತು. ಬರೆಯುವ ಪ್ರತಿ ತುಣುಕಿಗೂ ಅದು ಒಂದು ಚೆಕ್‌ಸಮ್ ಲೆಕ್ಕಹಾಕುತ್ತದೆ. ಅದನ್ನು ಇಡುವುದು ಆ ತುಣುಕಿನ ಪಕ್ಕದಲ್ಲಲ್ಲ, ಅದರತ್ತ ಬೆರಳು ತೋರುವ ಮೇಲಿನ ತುಣುಕಿನಲ್ಲಿ. ಕಳ್ಳನ ಸಾಕ್ಷಿಯನ್ನು ಕಳ್ಳನ ಮನೆಯಲ್ಲೇ ಇಡದ ಹಾಗೆ. ಓದುವಾಗ ಲೆಕ್ಕ ತಪ್ಪಿದರೆ ಇನ್ನೊಂದು ಡಿಸ್ಕಿನ ಪ್ರತಿ ತೆಗೆದು, ಪರೀಕ್ಷಿಸಿ, ಕೆಟ್ಟದ್ದನ್ನು ತಿದ್ದುತ್ತದೆ. ಜೊತೆಗೆ ಹಳೆಯದರ ಮೇಲೆ ತಿದ್ದಿ ಬರೆಯದೆ ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಆಮೇಲೆ ವಿಳಾಸ ಬದಲಿಸುತ್ತದೆ. ನಡುವೆ ಕರೆಂಟು ಹೋದರೂ ಹಳೆಯದು ಹಾಗೇ ಇರುತ್ತದೆ.

2005ರಲ್ಲಿ ಸನ್ ಇದರ ಮೂಲಸಂಕೇತವನ್ನು ಬಿಡುಗಡೆ ಮಾಡಿತು. ಆದರೆ ಅದರ ಪರವಾನಗಿಗೂ ಲಿನಕ್ಸಿನ ಪರವಾನಗಿಗೂ ಕೂಡಿಬರಲಿಲ್ಲ. ಲಿನಕ್ಸಿಗೆ ತನ್ನದೇ ಬೇಕಾಯಿತು. 2007ರಲ್ಲಿ ಕ್ರಿಸ್ ಮೇಸನ್ ಬಿಟಿಆರ್‌ಎಫ್‌ಎಸ್ ಆರಂಭಿಸಿದ, ಒರಾಕಲ್ ಕಂಪನಿಯಲ್ಲಿದ್ದುಕೊಂಡು. 2010ರಲ್ಲಿ ಅದೇ ಒರಾಕಲ್ ಸನ್ ಅನ್ನೇ ಕೊಂಡಿತು! ಜಗಳವಾಡುವ ಎರಡೂ ಮನೆ ಒಬ್ಬನ ಕೈಗೆ ಬಂದರೂ ಪರವಾನಗಿಯ ಗೋಡೆ ಬೀಳಲಿಲ್ಲ. ಅದೇ ವರ್ಷ ಓಪನ್‌ಸೋಲಾರಿಸ್ ನಿಂತಿತು. ಹೊರಗಿನವರು ಉಳಿಸಿಕೊಂಡದ್ದು 2013ರಲ್ಲಿ ಓಪನ್‌ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಒಟ್ಟಾಯಿತು. ಈ ನಡುವೆ ಬಿಟಿಆರ್‌ಎಫ್‌ಎಸ್ ಅನ್ನು ಸೂಸೆ ಒಪ್ಪಿಕೊಂಡಿತು, ರೆಡ್ ಹ್ಯಾಟ್ ಕೈಬಿಟ್ಟಿತು, ಫೆಡೋರಾ 2020ರಲ್ಲಿ ಡೆಸ್ಕ್‌ಟಾಪಿಗೆ ಅದನ್ನೇ ಮೊದಲ ಆಯ್ಕೆ ಮಾಡಿತು. ಮೂರನೆಯವನಾಗಿ ಬಂದ ಬಿಕ್ಯಾಶ್‌ಎಫ್‌ಎಸ್ 2024ರಲ್ಲಿ ಲಿನಕ್ಸ್ ಕರ್ನಲ್ ಒಳಗೆ ಸೇರಿ 2025ರಲ್ಲಿ ಹೊರಬಿತ್ತು. ಮನೆಯ ಫೋಟೋಗಳನ್ನು ಇಪ್ಪತ್ತು ವರ್ಷ ಇಡಬೇಕೆನ್ನುವವರು ಗುಣಲಕ್ಷಣದ ಪಟ್ಟಿಗಿಂತ ಈ ಒಳಜಗಳಗಳನ್ನೇ ಹೆಚ್ಚು ಓದಬೇಕು ಅಂತ ನನ್ನ ಅನಿಸಿಕೆ.

ನಾನು ಆಯ್ಕೆಗೆ ಕೂತದ್ದು 2016ರಲ್ಲಿ. ಆ ವರ್ಷದ ಉಬುಂಟು ಆವೃತ್ತಿಯೊಂದಿಗೆ, ವಕೀಲರ ತಕರಾರಿನ ನಡುವೆಯೂ, ಝಡ್‌ಎಫ್‌ಎಸ್ ಬಂದಿತ್ತು. ಬಿಟಿಆರ್‌ಎಫ್‌ಎಸ್ ಹಗುರ, ಅಳತೆ ಬೇರೆಬೇರೆಯಾದ ಡಿಸ್ಕುಗಳನ್ನೂ ಸೇರಿಸಿಕೊಳ್ಳುತ್ತದೆ. ಎರಡು ಡಿಸ್ಕಿನ ಮಿರರಿಗೆ ಅದೂ ಸಾಕಿತ್ತು. ರೇಡ್ 5, 6ರ ವಿಷಯದಲ್ಲಿ ಮಾತ್ರ ಅದರ ತಯಾರಕರೇ ಎಚ್ಚರಿಕೆ ಹೇಳುತ್ತಾರೆ. ಝಡ್‌ಎಫ್‌ಎಸ್‌ನಲ್ಲಿ ರೇಡ್-ಝಡ್ ಗುಂಪಿಗೆ ಆಗ ಒಂದೊಂದೇ ಡಿಸ್ಕು ಸೇರಿಸಲಾಗುತ್ತಿರಲಿಲ್ಲ. ಆ ಸೌಲಭ್ಯ ಬಂದದ್ದು 2025ರ ಆರಂಭದಲ್ಲಿ. ನನಗೆ ಅದರ ಅಗತ್ಯವಿರಲಿಲ್ಲ. ಸಮ ಅಳತೆಯ ಎರಡು ಡಿಸ್ಕು ತಂದು ಝಡ್‌ಎಫ್‌ಎಸ್ ಮಿರರ್ ಮಾಡಿದೆ, ಎರಡನೇ ಮಹಡಿಯ ಮನೆಗೆ ಬದಲಾದೆ. ನೀರು ಬಂದರೆ ಚೆಕ್‌ಸಮ್ ಏನೂ ಮಾಡಲಾರದು. ಹಾಗಾಗಿ ಮೂರನೇ ಡಿಸ್ಕು ವರ್ಷಕ್ಕೆರಡು ಸಲ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಂದ ಬಂದು, ಹೊಸ ಬದಲಾವಣೆಗಳನ್ನಷ್ಟೇ ತುಂಬಿಸಿಕೊಂಡು, ಪೂರ್ತಿ ಪರೀಕ್ಷೆಯಾದ ಮೇಲೆ ಹಿಂದಿರುಗುತ್ತದೆ.

ಅಪ್ಪನ ಆ ಧ್ವನಿಮುದ್ರಣ ಮಾತ್ರ ನಾಲ್ಕನೇ ನಿಮಿಷದಲ್ಲೇ ನಿಲ್ಲುತ್ತದೆ. ಅದು ಹೊಸ ಮನೆಗೆ ಬರುವಾಗಲೇ ಕೆಟ್ಟಿತ್ತಲ್ಲ. ಝಡ್‌ಎಫ್‌ಎಸ್ ಆ ಕಿರುಚಾಟವನ್ನೂ ಒಂದು ಬಿಟ್ ಅಳಿಯದ ಹಾಗೆ ಕಾಯುತ್ತಿದೆ.

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂತು. ನಮ್ಮ ಬೀದಿಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ಬಂದ ಮೇಲೆ ಯಂತ್ರ ಹಚ್ಚಿ, ಇಡೀ ಡಿಸ್ಕನ್ನು ಓದಿ ತಾಳೆ ನೋಡುವ ಸ್ಕ್ರಬ್ ಆಜ್ಞೆ ಕೊಟ್ಟೆ. ಬೆಳಗಿನ ಹೊತ್ತಿಗೆ ವರದಿ ಬಂದಿತ್ತು: 128 ಕೆಬಿ ಸರಿಪಡಿಸಲಾಗಿದೆ, ದೋಷ ಸೊನ್ನೆ. ತಿದ್ದಿ ಆದದ್ದರಿಂದ, ಅದು ಯಾವ ಫೈಲು ಎಂದು ವರದಿ ಹೇಳುವುದಿಲ್ಲ.