ವಸ್ತುಸಂಗ್ರಹಾಲಯದಲ್ಲಿ ನೃತ್ಯರಂಗ: ರೌಷೆನ್‌ಬರ್ಗ್ ಮತ್ತು ಕನ್ನಿಂಗ್‌ಹ್ಯಾಮ್

ಅಮೆರಿಕದ ಮಿನಿಯಾಪೊಲಿಸ್ ನಗರದ ವಾಕರ್ ಆರ್ಟ್ ಸೆಂಟರ್, ನೃತ್ಯಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ (1919–2009) ಅವರ ತಂಡದ ರಂಗಸಜ್ಜಿಕೆ ಹಾಗೂ ವೇಷಭೂಷಣಗಳ ಸಂಗ್ರಹವನ್ನು 2011ರಲ್ಲಿ ಪಡೆದುಕೊಂಡಿತು. ಆ ವರ್ಷದ ನವೆಂಬರಿನಲ್ಲಿಯೇ ಕನ್ನಿಂಗ್‌ಹ್ಯಾಮ್ ಮತ್ತು ಚಿತ್ರಕಲಾವಿದ ರಾಬರ್ಟ್ ರೌಷೆನ್‌ಬರ್ಗ್ (1925–2008) ಅವರ ಸಹಯೋಗವನ್ನು ಕುರಿತ ಪ್ರದರ್ಶನವು ಅಲ್ಲಿ ಆರಂಭವಾಯಿತು. ತಂಡವು ತನ್ನ ಕಟ್ಟಕಡೆಯ ನೃತ್ಯವನ್ನು ಪ್ರದರ್ಶಿಸಿದ್ದು ಡಿಸೆಂಬರ್ 31ರಂದು. ಅಂದರೆ ನರ್ತಕರು ಇನ್ನೂ ರಂಗದ ಮೇಲಿರುವಾಗಲೇ ಅವರ ರಂಗಸಜ್ಜಿಕೆ ಸಂಗ್ರಹಾಲಯದ ಸೊತ್ತಾಗಿತ್ತು. ಈ ಸ್ಥಳಾಂತರದಲ್ಲಿ ಉಳಿದುದೇನು, ಉಳಿಯದೆ ಹೋದುದೇನು ಎಂಬುದು ಪರಿಶೀಲನಾರ್ಹವಾದ ಪ್ರಶ್ನೆ.

ಸಹಯೋಗದ ಆರಂಭ 1954ರ ‘ಮಿನುಷಿಯೆ’ ನೃತ್ಯದಲ್ಲಿದೆ. ನರ್ತಕರು ಒಳಹೊಕ್ಕು ಹೊರಬರಬಹುದಾದ ವಸ್ತುವೊಂದನ್ನು ಕನ್ನಿಂಗ್‌ಹ್ಯಾಮ್ ಕೇಳಿದ್ದರು. ರೌಷೆನ್‌ಬರ್ಗ್ ಬಟ್ಟೆ, ಪತ್ರಿಕೆಯ ತುಣುಕು, ಕನ್ನಡಿಯನ್ನು ಸೇರಿಸಿ, ತಾನಾಗಿಯೇ ನಿಲ್ಲುವ ಚಿತ್ರಫಲಕಗಳ ರಚನೆಯನ್ನು ಮಾಡಿಕೊಟ್ಟರು. 1958ರ ‘ಸಮರ್‌ಸ್ಪೇಸ್’ನಲ್ಲಿ ಹಿಂಪರದೆಗೂ ಉಡುಪಿಗೂ ಒಂದೇ ಬಗೆಯ ಬಣ್ಣದ ಚುಕ್ಕಿಗಳಿದ್ದವು, ನಿಶ್ಚಲನಾದ ನರ್ತಕ ಪರದೆಯಲ್ಲಿ ಕರಗಿಹೋಗುವಂತೆ ಕಾಣುತ್ತಿದ್ದ. ಉಡುಪನ್ನು ಗೊಂಬೆಗೆ ತೊಡಿಸಿಟ್ಟರೆ ಚುಕ್ಕಿಗಳು ಕಾಣುತ್ತವೆ, ಕರಗುವಿಕೆ ಕಾಣುವುದಿಲ್ಲ.

ಇದಕ್ಕಿಂತ ಕಠಿಣವಾದ ಪ್ರಸಂಗ 1963ರ ‘ಸ್ಟೋರಿ’. ಅದಕ್ಕೆ ಸ್ಥಿರವಾದ ಸಜ್ಜಿಕೆಯೇ ಇರಲಿಲ್ಲ. ಆಯಾ ರಂಗಮಂದಿರದಲ್ಲಿ ಸಿಕ್ಕ ವಸ್ತುಗಳಿಂದ ರೌಷೆನ್‌ಬರ್ಗ್ ಪ್ರತಿಬಾರಿಯೂ ಹೊಸದಾಗಿ ಅದನ್ನು ಕಟ್ಟುತ್ತಿದ್ದರು. ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಅವರೂ ಅಲೆಕ್ಸ್ ಹೇ ಅವರೂ ರಂಗದ ಮೇಲೆ ನಿಂತು ಅಂಗಿಗಳಿಗೆ ಇಸ್ತ್ರಿ ಹಾಕಿದರು. ಈ ಸಹಯೋಗದ ಅತ್ಯಂತ ದಿಟ್ಟ ಕೃತಿ ಇದೇ ಎನ್ನಬಹುದು. ಆದರೆ ಪ್ರದರ್ಶನದಲ್ಲಿಡಲು ಇದರದೆಂಬ ಸ್ಥಿರವಾದ ಸಜ್ಜಿಕೆ ಇಲ್ಲ. 1964ರಲ್ಲಿ ಫಿನ್‌ಲೆಂಡಿನ ದೂರದರ್ಶನವು ಚಿತ್ರೀಕರಿಸಿದ ಒಂದು ಪ್ರಯೋಗ ನೋಡಸಿಗುತ್ತದೆ. ಬಾಳಿಕೆ ಬರುವ ವಸ್ತುವನ್ನೇ ಆಧರಿಸಿ ಬರೆದ ಸಹಯೋಗದ ಚರಿತ್ರೆಯು ಈ ಕಾರಣದಿಂದ ಚಿತ್ರಕಲೆಯತ್ತ ವಾಲುವುದು ಸಹಜ. ಕನ್ನಿಂಗ್‌ಹ್ಯಾಮ್ ಅವರಿಗೆ ಇದರಿಂದ ಸ್ವಲ್ಪ ಅನ್ಯಾಯವೇ ಆಗುತ್ತದೆ.

1964ರ ವಿಶ್ವಪ್ರವಾಸಕ್ಕೆ ಭಾರತದ ನಂಟೂ ಇದೆ. 1946ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತಕಾರ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಪರಿಚಯಿಸಿದ್ದವರು ಗೀತಾ ಸಾರಾಭಾಯಿ. ಕೇಜ್ ಕನ್ನಿಂಗ್‌ಹ್ಯಾಮ್ ತಂಡದ ಸಂಗೀತ ನಿರ್ದೇಶಕರಾಗಿದ್ದರು. ತಂಡವು ಅಹಮದಾಬಾದಿಗೆ ಬಂದಾಗ ಸಾರಾಭಾಯಿ ಕುಟುಂಬವೇ ನೆರವಾಯಿತು. ಆ ವರ್ಷ ವೆನಿಸ್ ಬಿಯೆನ್ನಾಲೆಯ ಮಹಾಪ್ರಶಸ್ತಿ ರೌಷೆನ್‌ಬರ್ಗ್‌ರಿಗೆ ಸಂದಿತ್ತು. ಚಿತ್ರಕಾರನ ಕೀರ್ತಿ ತಂಡದ ಕೀರ್ತಿಯನ್ನು ಮರೆಮಾಡತೊಡಗಿತು; ಪ್ರವಾಸ ಮುಗಿಯುತ್ತಲೇ ಅವರು ತಂಡವನ್ನು ತೊರೆದರು. 1975ರಲ್ಲಿ ಅವರು ಅಹಮದಾಬಾದಿಗೆ ಮರಳಿ, ಗಾಂಧಿ ಆಶ್ರಮದ ಕಾಗದ ತಯಾರಿಕಾ ಕೇಂದ್ರದಲ್ಲಿ ಕೆಲಸಮಾಡಿದರು. 1977ರಲ್ಲಿ ‘ಟ್ರಾವೆಲಾಗ್’ ನೃತ್ಯಕ್ಕಾಗಿ ಇಬ್ಬರೂ ಮತ್ತೆ ಜೊತೆಗೂಡಿದರು. ಅದಕ್ಕಾಗಿ ರೌಷೆನ್‌ಬರ್ಗ್ ರಚಿಸಿದ ಸಜ್ಜಿಕೆಯ ಹೆಸರು ‘ತಾಂತ್ರಿಕ್ ಜಿಯಾಗ್ರಫಿ’.