ಟರ್ಫ್ ಅಥವಾ ಹುಲ್ಲು: ಫುಟ್‌ಬಾಲ್ ಆಡುವವರ ಮಂಡಿಗೆ, ಚರ್ಮಕ್ಕೆ ಯಾವುದು ಕ್ಷೇಮ?

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಯಂಥ ಊರುಗಳಲ್ಲಿ ಆಡಲು ಬಯಲು ಸಿಗುವುದೇ ಕಷ್ಟ. ಫ್ಲೈಓವರ್ ಪಕ್ಕದಲ್ಲೋ ಕಟ್ಟಡದ ತಾರಸಿಯ ಮೇಲೋ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್ ಈಗ ಎಷ್ಟೋ ಮಕ್ಕಳಿಗೆ ಇರುವ ಒಂದೇ ಮೈದಾನ. ಅಲ್ಲಿಂದ ಮಗ ಮಂಡಿ ತರಚಿಕೊಂಡು ಬಂದಾಗ, ಮಗಳು ಪಾದ ಉಳುಕಿಸಿಕೊಂಡು ಕುಂಟುತ್ತಾ ಬಂದಾಗ ನಿಮಗೆ ಅನ್ನಿಸಬಹುದು: ನಿಜವಾದ ಹುಲ್ಲಿನ ಮೇಲೆ ಆಡಿದ್ದರೆ ಹೀಗಾಗುತ್ತಿರಲಿಲ್ಲವೇನೋ.

ಈ ಅನುಮಾನದಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಪೂರ್ತಿ ಸತ್ಯವಲ್ಲ. ಹುಲ್ಲು ಅಸಲಿಯೋ ನಕಲಿಯೋ ಎಂಬುದರಷ್ಟೇ ಮುಖ್ಯವಾದವು ಇನ್ನೂ ಮೂರಿವೆ: ನೆಲದ ಸ್ಥಿತಿ, ಕಾಲಿನಲ್ಲಿರುವ ಬೂಟು, ಆಡುವ ಹೊತ್ತು.

ಇಂದಿನ ಟರ್ಫ್ ಹಳೆಯದರಂತಲ್ಲ

ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ 1981ರಲ್ಲಿ ಹಾಸಿದ ಟರ್ಫ್ ಹೆಚ್ಚುಕಡಿಮೆ ಗಟ್ಟಿ ಕಾರ್ಪೆಟ್ಟಿನಂತಿತ್ತು. ಚೆಂಡು ವಿಪರೀತ ಪುಟಿಯುತ್ತಿತ್ತು, ಬಿದ್ದವರ ಚರ್ಮ ಸುಲಿಯುತ್ತಿತ್ತು. 1988ರಲ್ಲಿ ಅದನ್ನು ಕಿತ್ತುಹಾಕಿದರು. ಈಗಿನದು ಮೂರನೇ ತಲೆಮಾರಿನ ಟರ್ಫ್. ಉದ್ದನೆಯ ಪ್ಲಾಸ್ಟಿಕ್ ಎಳೆಗಳ ನಡುವೆ ಮರಳು ಮತ್ತು ರಬ್ಬರ್ ಕಾಳು ತುಂಬಿರುತ್ತಾರೆ. ಒಳ್ಳೆಯ ಮೈದಾನವಾದರೆ ಅಡಿಯಲ್ಲಿ ಹೊಡೆತ ತಾಳುವ ಮೆತ್ತೆಯೂ ಇರುತ್ತದೆ. ಹಾಗಿದ್ದರೂ ಆಟಗಾರರ ಒಲವು ಹುಲ್ಲಿನ ಕಡೆಗೇ. 2015ರ ಮಹಿಳಾ ವಿಶ್ವಕಪ್ಪನ್ನು ಕೆನಡಾದಲ್ಲಿ ಪೂರ್ತಿ ಟರ್ಫ್ ಮೇಲೆ ನಡೆಸಲು ಹೊರಟಾಗ, ಪುರುಷರಿಗಿಲ್ಲದ ಕಟ್ಟಳೆ ನಮಗೇಕೆ ಎಂದು ಆಟಗಾರ್ತಿಯರು ಹಿಂದಿನ ವರ್ಷವೇ ಮಾನವ ಹಕ್ಕು ನ್ಯಾಯಮಂಡಳಿಗೆ ದೂರು ಕೊಟ್ಟಿದ್ದರು. ಟೂರ್ನಿ ಮಾತ್ರ ಟರ್ಫ್ ಮೇಲೆಯೇ ನಡೆಯಿತು.

ಗಾಯದ ಲೆಕ್ಕ ಏನು ಹೇಳುತ್ತದೆ?

ಫುಟ್‌ಬಾಲ್‌ನಲ್ಲಿ ಒಟ್ಟು ಗಾಯಗಳನ್ನು ಎಣಿಸಿದರೆ ಹೊಸ ಟರ್ಫ್‌ಗೂ ಹುಲ್ಲಿಗೂ ದೊಡ್ಡ ಅಂತರ ಕಾಣುವುದಿಲ್ಲ. ಆದರೆ ಪಾದ ಮತ್ತು ಪಾದದ ಕೀಲಿನ ಗಾಯ ಟರ್ಫ್ ಮೇಲೆ ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಗಳು ಹೇಳುತ್ತವೆ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ 2012ರಿಂದ 2016ರವರೆಗಿನ ಪಂದ್ಯಗಳನ್ನು ಲೆಕ್ಕ ಹಾಕಿದಾಗ ಕಾಲಿನ ಗಾಯಗಳು ಟರ್ಫ್ ಮೇಲೆ ಸುಮಾರು ಶೇ. 16ರಷ್ಟು ಹೆಚ್ಚಾಗಿದ್ದವು. ಅದು ಹೆಲ್ಮೆಟ್ ಹಾಕಿ ಆಡುವ ಬೇರೆಯೇ ಆಟ, ಆದ್ದರಿಂದ ಆ ಅಂಕಿಯನ್ನು ನಮ್ಮ ಮಕ್ಕಳಿಗೆ ಹಾಗೇ ಅನ್ವಯಿಸಬೇಡಿ.

ಕಾರಣ ಮಾತ್ರ ಎರಡೂ ಕಡೆ ಒಂದೇ. ಹುಲ್ಲಿನಲ್ಲಿ ಬೂಟಿನ ಸ್ಟಡ್ ಸಿಕ್ಕಿಕೊಂಡರೆ ಮಣ್ಣು ಕಿತ್ತು ಬರುತ್ತದೆ, ಕಾಲು ಬಿಡಿಸಿಕೊಳ್ಳುತ್ತದೆ. ಟರ್ಫ್ ಬಿಟ್ಟುಕೊಡುವುದಿಲ್ಲ. ಮೈ ತಿರುಗುತ್ತದೆ, ಪಾದ ಅಲ್ಲೇ ನಿಲ್ಲುತ್ತದೆ, ತಿರುಚಿದ ಬಲವೆಲ್ಲ ಪಾದದ ಕೀಲಿಗೋ ಮಂಡಿಗೋ ಬೀಳುತ್ತದೆ. ಹುಲ್ಲಿಗೆಂದು ಮಾಡಿದ ಉದ್ದ ಸ್ಟಡ್ಡಿನ ಬೂಟು ಹಾಕಿ ಟರ್ಫ್‌ಗೆ ಇಳಿಯುವುದು ಇದಕ್ಕೇ ಅಪಾಯ. ಚಿಕ್ಕ ಚಿಕ್ಕ ರಬ್ಬರ್ ಸ್ಟಡ್‌ಗಳು ತುಂಬ ಇರುವ ಟರ್ಫ್ ಶೂ ಕೊಡಿಸಿ. ಅಣ್ಣನ ಹಳೆಯ ಬೂಟು ತಮ್ಮನಿಗೆ ಆದೀತು ಎಂಬ ಉಳಿತಾಯ ಇಲ್ಲಿ ಬೇಡ.

ಹಾಗೆಂದು ಕಲ್ಲು, ಗುಂಡಿ ಇರುವ ಬಯಲು ಒಳ್ಳೆಯದೆಂದಲ್ಲ. ನಮ್ಮಲ್ಲಿ ‘ಸಹಜ ಮೈದಾನ’ ಎಂದರೆ ಎಷ್ಟೋ ಸಲ ಹುಲ್ಲೇ ಇಲ್ಲದ ಗಟ್ಟಿ ನೆಲ. ಅದಕ್ಕಿಂತ ಚೆನ್ನಾಗಿ ನೋಡಿಕೊಂಡ ಟರ್ಫ್ ವಾಸಿ.

ಪಾದ ಉಳುಕಿದಾಗ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಕೀಲಿನ ಎರಡು ಬದಿಗೆ ಉಬ್ಬಿರುವ ಮೂಳೆಯನ್ನು ಒತ್ತಿದರೆ ನೋವಾದರೆ, ಎಕ್ಸ್‌ರೇ ಬೇಕಾಗುತ್ತದೆ. ಮಂಡಿಯೊಳಗೆ ‘ಟಕ್’ ಎಂದ ಹಾಗಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡು, ನಡೆಯುವಾಗ ಮಂಡಿ ಕುಸಿದಂತಾದರೆ ಎಸಿಎಲ್ ಎಂಬ ಲಿಗಮೆಂಟ್ ಹರಿದಿರಬಹುದು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ‘ಎಕ್ಸ್‌ರೇ ನಾರ್ಮಲ್’ ಎಂದ ಮಾತ್ರಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ, ಮೂಳೆ ತಜ್ಞರಿಗೆ ತೋರಿಸಿ. ಹೆಣ್ಣುಮಕ್ಕಳಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು.

ತರಚು ಗಾಯವನ್ನು ಹಗುರವಾಗಿ ಕಾಣಬೇಡಿ

ಟರ್ಫ್ ಮೇಲೆ ಜಾರಿ ಬಿದ್ದರೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಇಂಥ ಗಾಯದ ಮೂಲಕ ರೋಗಾಣು ಒಳಹೋಗುವುದು ಸುಲಭ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಐವರು ಆಟಗಾರರಿಗೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎ ಸೋಂಕು ತಗುಲಿತ್ತು. ಸೋಂಕೆಲ್ಲ ಟರ್ಫ್‌ನಿಂದ ತರಚಿದ ಜಾಗದಲ್ಲೇ. ಟವೆಲ್ ಹಂಚಿಕೊಂಡದ್ದು, ಗಾಯಕ್ಕೆ ಸರಿಯಾಗಿ ಪಟ್ಟಿ ಕಟ್ಟದೇ ಇದ್ದದ್ದು ಕೂಡ ಕಾರಣಗಳಾಗಿ ಕಂಡುಬಂದವು.

ಮನೆಗೆ ಬಂದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ರಬ್ಬರ್ ಕಾಳು ಒಳಗೆ ಉಳಿಯದಂತೆ ನೋಡಿ, ಶುಚಿಯಾದ ಪಟ್ಟಿಯಿಂದ ಮುಚ್ಚಿ. ಅರಿಶಿನ, ಕಾಫಿಪುಡಿ ಬೇಡ. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇರುವವರು ಚಿಹ್ನೆ ಕಾಣುವವರೆಗೂ ಕಾಯಬಾರದು. ಟೆಟನಸ್ ಲಸಿಕೆ ಟರ್ಫ್‌ಗಿಂತ ಮಣ್ಣಿನ ಬಯಲಿನಲ್ಲಿ ಆಡುವವರಿಗೆ ಹೆಚ್ಚು ಮುಖ್ಯ. ಸರ್ಕಾರಿ ವೇಳಾಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ ಇದೆ, ಕೊಡಿಸಿದ್ದೀರಾ ನೋಡಿಕೊಳ್ಳಿ.

ಬಿಸಿಲಿನ ಹೊತ್ತಿನಲ್ಲಿ

ಹುಲ್ಲು ನೀರು ಆವಿಯಾಗಿಸಿ ತಂಪಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿಯಿಲ್ಲ. ಬಿರುಬಿಸಿಲಿನಲ್ಲಿ ಟರ್ಫ್ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು; ನೀರು ಚಿಮುಕಿಸಿದರೆ ಸಿಗುವ ತಂಪು ಸ್ವಲ್ಪ ಹೊತ್ತಿನದು. ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಮೇಲೆ ಆಡಿಸಿ. ಬಿಸಿಲಲ್ಲಿ ಆಡುತ್ತಿದ್ದ ಮಗು ತಡವರಿಸಿ ಮಾತಾಡಿದರೆ, ಗಲಿಬಿಲಿಗೊಂಡರೆ, ಕುಸಿದರೆ, ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಲೇ 112 ಅಥವಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರಿಗೆ ನೀರು ಕುಡಿಸಬೇಡಿ.

ಕಪ್ಪು ರಬ್ಬರ್ ಕಾಳಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಅವು ಹಳೆಯ ಟೈರಿನ ಪುಡಿ, ಅದರಲ್ಲಿ ಹಾನಿಕರ ರಾಸಾಯನಿಕಗಳು ಇರುವುದು ನಿಜ. ಆದರೆ ಆಟದ ವೇಳೆ ಮೈ ಸೇರುವ ಪ್ರಮಾಣದಿಂದ ಬರುವ ಅಪಾಯ ಬಹಳ ಕಡಿಮೆ ಎಂದು ಯುರೋಪಿನ ರಾಸಾಯನಿಕ ಸಂಸ್ಥೆ 2017ರಲ್ಲಿ ಹೇಳಿತು. ಯುರೋಪ್ ಈಗ ಈ ಕಾಳುಗಳ ಮಾರಾಟ ನಿಲ್ಲಿಸಲು ಹೊರಟಿರುವುದು ಮುಖ್ಯವಾಗಿ ಮೈಕ್ರೋಪ್ಲಾಸ್ಟಿಕ್ ಕಾರಣಕ್ಕೆ. ಆಡಿ ಬಂದ ಮೇಲೆ ಕೈ ತೊಳೆದು ತಿನ್ನಲಿ, ಬೂಟನ್ನು ಹೊರಗೇ ಕೊಡವಲಿ.

ಎಸಿಎಲ್ ಶಸ್ತ್ರಚಿಕಿತ್ಸೆ ಆದವರು ಒಂಬತ್ತು ತಿಂಗಳಿಗೆ ಮುಂಚೆ ಯಾವ ನೆಲದ ಮೇಲೂ ಪಂದ್ಯ ಆಡಬೇಡಿ. ಆ ಮೇಲೂ ಕಾಲಿನ ಬಲ ಪರೀಕ್ಷಿಸಿ ಫಿಸಿಯೋಥೆರಪಿಸ್ಟ್ ಒಪ್ಪಬೇಕು. ಎಲ್ಲಿ ಆಡುತ್ತೀರಿ, ಯಾವ ಬೂಟು ಎಂದು ಅವರಿಗೆ ಹೇಳಿ. ಫಿಫಾದ ‘11+’ ಎಂಬ ಇಪ್ಪತ್ತು ನಿಮಿಷದ ವಾರ್ಮ್-ಅಪ್ ಕಲಿಸಿಕೊಡಿ ಎಂದು ಕೇಳಿ. ನಾರ್ವೆಯ ಹದಿಹರೆಯದ ಆಟಗಾರ್ತಿಯರಲ್ಲಿ ಅದರಿಂದ ಗಾಯಗಳು ಸುಮಾರು ಮೂರನೇ ಒಂದು ಭಾಗ ಇಳಿದಿದ್ದವು. ಗಂಟೆಗೆ ಹಣ ಕಟ್ಟಿದ್ದೇವೆಂದು ಬಂದವರೇ ಆಟಕ್ಕಿಳಿಯುವುದು ರೂಢಿ. ಹತ್ತಿಪ್ಪತ್ತು ನಿಮಿಷ ಮೊದಲೇ ಹೋಗಿ ಗೇಟಿನ ಹೊರಗೇ ಇದನ್ನು ಮಾಡಬಹುದು. ಹಾಗೇ ನೆಲವನ್ನೂ ಒಮ್ಮೆ ನೋಡಿ: ಎಳೆಗಳು ಚಪ್ಪಟೆಯಾಗಿ, ಕಾಳು ಖಾಲಿಯಾಗಿ, ಹೊಲಿಗೆ ಬಿಟ್ಟುಕೊಂಡಿದ್ದರೆ ಬೇರೆ ಟರ್ಫ್ ಹುಡುಕಿ.